ಏಳು ಗಂಟೆಯ ಅಂಟು

ನಮ್ಮೂರು ಲಿಡ್‌ಕೂಮಿನಲ್ಲಿ ಇವತ್ತಿಗೂ ಮಿಸೆಸ್ ಹೆಂಬ್ರೋ ಹೆಸರೆತ್ತಿದರೆ ಜನ ತಲೆಯ ಪಕ್ಕದಲ್ಲಿ ಬೆರಳು ತಿರುಗಿಸುತ್ತಾರೆ. 'ವಿಮಾನಕ್ಕೆ ಚೀಸ್ ಕೊಳವೆ ಚುಚ್ಚಿದವಳು ತಾನೇ?' ಎಂದು ನಗುತ್ತಾರೆ. ನಗಲಿ. ಅವರಲ್ಲಿ ಅರ್ಧ ಜನ ಆಗ ಹುಟ್ಟಿರಲಿಲ್ಲ, ಉಳಿದರ್ಧ ಜನ ಹುಟ್ಟಿದ್ದೂ ಪ್ರಯೋಜನವಾಗಲಿಲ್ಲ. ಆಕೆಗೆ ಹುಚ್ಚು ಹಿಡಿದಿರಲಿಲ್ಲ. ಇದನ್ನು ಹೇಳಬಲ್ಲವಳು ನಾನೊಬ್ಬಳೇ ಉಳಿದಿದ್ದೇನೆ. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದವಳೂ ನಾನೇ, ಮೇವಿಸ್ ಡರ್ಸ್ಟನ್.

ಬ್ರಾಕ್ ಸಾಹೇಬರ ಕಾರ್ಖಾನೆ ಅಂದರೆ ಊರಾಚೆ ಹುಲ್ಲುಗಾವಲಿನ ಅಂಚಿಗೆ ಕಟ್ಟಿದ್ದ ಮೂರು ತಗಡಿನ ಕೊಟ್ಟಿಗೆ, ಅಷ್ಟೇ. ಅವರಪ್ಪ ಅಲ್ಲಿ ಗಾಡಿ ಮತ್ತು ಶವಪೆಟ್ಟಿಗೆ ಮಾಡುತ್ತಿದ್ದರು. ಮೊದಲ ಮಹಾಯುದ್ಧ ಮುಗಿದು ಹತ್ತು ವರ್ಷಕ್ಕೆ ಕಾಸಿದ್ದವರ ಮಕ್ಕಳಿಗೆಲ್ಲ ಹಾರುವ ಹುಚ್ಚು ಹತ್ತಿತು. ಊರೂರಿಗೂ ಹಾರುವ ಕ್ಲಬ್ಬು, ಭಾನುವಾರ ಬಂತೆಂದರೆ ತಲೆಯ ಮೇಲೆ ಗುಂಯ್ ಗುಂಯ್. ಮಗ ಬ್ರಾಕ್ ಗಾಡಿ ಬಿಟ್ಟು ವಿಮಾನ ಮಾಡಲು ಹೊರಟರು. ಇಬ್ಬರು ಕೂರುವ ಪುಟ್ಟ ವಿಮಾನ, ಹೆಸರು ಡನಕ್. ಬೇಲಿಯಲ್ಲಿ ಕೂತು ಪುರ್ ಎನ್ನುವ ಮಣ್ಣುಬಣ್ಣದ ಹಕ್ಕಿಯ ಹೆಸರು ಅದು. ನಮ್ಮ ಡನಕ್‌ಗೆ ಮಾತ್ರ ಹಳದಿ ಬಣ್ಣ ಬಳಿಯುತ್ತಿದ್ದೆವು. ಇಪ್ಪತ್ತೆಂಟು ಜನರ ಮನೆಯಲ್ಲಿ ಅದರಿಂದ ಒಲೆ ಉರಿಯುತ್ತಿತ್ತು.

ಈಗಿನವರಿಗೆ ಹೇಳಿದರೆ ನಂಬುವುದಿಲ್ಲ, ಆ ವಿಮಾನ ನಿಂತಿದ್ದದ್ದು ಹಾಲಿನ ಮೇಲೆ. ಮರಕ್ಕೆ ಮರ ಕೂಡಿಸುವ ಅಂಟನ್ನು ಹಾಲಿನಿಂದ ಮಾಡುತ್ತಿದ್ದರು. ಒಡೆದ ಹಾಲಿನ ಗಟ್ಟಿಯನ್ನು ಒಣಗಿಸಿ, ಪುಡಿ ಮಾಡಿ, ಸುಣ್ಣ ಬೆರೆಸಿ ಚೀಲದಲ್ಲಿ ಕಳಿಸುತ್ತಿದ್ದರು. ತಣ್ಣೀರಿಗೆ ಆ ಪುಡಿ ಹಾಕಿ ಕಲಸಬೇಕು, ಇಪ್ಪತ್ತು ನಿಮಿಷ ಸುಮ್ಮನೆ ಬಿಡಬೇಕು, ಮತ್ತೆ ಕಲಸಬೇಕು. ಆಮೇಲೆ ನಾಲ್ಕು ಗಂಟೆ ಅದಕ್ಕೆ ಆಯಸ್ಸು. ನಾಲ್ಕು ಗಂಟೆ ಕಳೆಯಿತೋ, ಪಾತ್ರೆಯಲ್ಲಿ ಎಷ್ಟೇ ಉಳಿದಿರಲಿ, ಹಿಂದಿನ ಹಳ್ಳಕ್ಕೆ ಚೆಲ್ಲಬೇಕು. ಅದಕ್ಕೆ ನೀರು ಹಾಕಿ ತೆಳ್ಳಗೆ ಮಾಡುವುದಂತೂ ಕೂಡದೇ ಕೂಡದು. ನೀರು ಹಾಕಿದರೆ ನೋಡಲು ಹೊಸ ಅಂಟಿನ ಹಾಗೇ ಆಗುತ್ತದೆ, ಹಿಡಿತ ಮಾತ್ರ ಇರುವುದಿಲ್ಲ.

ಈ ಅಂಟಿನ ಕೋಣೆ ಮಿಸೆಸ್ ಹೆಂಬ್ರೋ ಕೈಯಲ್ಲಿತ್ತು. ಆಕೆ ಹುಟ್ಟಿದ್ದೇ ಹಸುಗಳ ನಡುವೆ, ಹನ್ನೆರಡನೇ ವಯಸ್ಸಿಗೆ ಒಂದು ಡೇರಿಯ ಚೀಸ್ ಮನೆ ಸೇರಿ ಮೂವತ್ತೈದು ವರ್ಷ ಹಾಲು ಹೆಪ್ಪು ಹಾಕಿದವಳು. ಗಂಡನನ್ನು ಯುದ್ಧ ನುಂಗಿತು, ಆ ಡೇರಿಯನ್ನು ಹರಾಜು ನುಂಗಿತು. ಹಾಲಿನ ಮನಸ್ಸು ಬಲ್ಲವಳಿಗೆ ಅಂಟಿನ ಮನಸ್ಸೂ ತಿಳಿದೀತು ಅಂತ ಬ್ರಾಕ್ ಸಾಹೇಬರು ಕರೆದು ಕೆಲಸ ಕೊಟ್ಟರು. ಗಿಡ್ಡ ಹೆಂಗಸು, ಕೆಂಪು ಕೈ, ಮೊಣಕೈ ತನಕ ಮಡಿಸಿದ ತೋಳು. ಭಾನುವಾರ ಚಾಪೆಲಿನ ಪ್ರಾರ್ಥನೆ ತಪ್ಪಿಸಿದವಳಲ್ಲ. ಏಪ್ರನ್ ಜೇಬಿನಲ್ಲಿ ಸದಾ ಚೀಸ್ ಪರೀಕ್ಷಿಸುವ ಉಕ್ಕಿನ ಅರೆಕೊಳವೆ ಇರುತ್ತಿತ್ತು. ಚೀಸಿನ ಗಟ್ಟಿಗೆ ಅದನ್ನು ಚುಚ್ಚಿ, ತಿರುಗಿಸಿ, ಬತ್ತಿಯಷ್ಟು ಹೊರಗೆಳೆದು ಮೂಸಿ ನೋಡುವುದು ಚೀಸ್ ಮಾಡುವವರ ಕಸುಬು. ನಮ್ಮಲ್ಲಿ ಅದರಿಂದ ಆಕೆ ಅಂಟಿನ ಚೀಲದ ತಳದ ಪುಡಿ ತೆಗೆದು ಮೂಸುತ್ತಿದ್ದಳು. ಮುಗ್ಗಿದ್ದರೆ ಚೀಲವನ್ನೇ ವಾಪಸ್ ಕಳಿಸುತ್ತಿದ್ದಳು.

ಪಾತ್ರೆಯ ಹೊಟ್ಟೆಯ ಮೇಲೆ ಕಲಸಿದ ಗಂಟೆಯನ್ನು ಸೀಮೆಸುಣ್ಣದಲ್ಲಿ ಬರೆಯುವುದು ಆಕೆಯ ಕೆಲಸ. ಏಳು ಅಂತಿದ್ದರೆ ಹನ್ನೊಂದಕ್ಕೆ ಅದು ಸತ್ತಿತು. ಹಲಗೆಯ ಮೇಲಿನ ಗಂಟೆ ಗಡಿಯಾರ ಟ್ರಿಣ್ ಅನ್ನುತ್ತಿದ್ದಂತೆ ಆಕೆ ಪಾತ್ರೆ ಎತ್ತಿಕೊಂಡು ಹಿಂಬಾಗಿಲಿಗೆ ಹೋಗುತ್ತಿದ್ದಳು. ಚೆಲ್ಲುವಾಗ ಮುಖ ಆ ಕಡೆ ತಿರುಗಿಸುತ್ತಿದ್ದಳು. ಹಾಲು ಚೆಲ್ಲಿದರೆ ಕೆನ್ನೆಗೆ ಬೀಳುತ್ತಿದ್ದ ಮನೆಯಲ್ಲಿ ಬೆಳೆದ ಹೆಂಗಸು. ಐದು ವರ್ಷ ದಿನಕ್ಕೆರಡು ಸಲ ಚೆಲ್ಲಿದರೂ ಆ ಸಂಕಟ ಹೋಗಲಿಲ್ಲ.

ಇನ್ನೊಂದು ಪದ್ಧತಿಯಿತ್ತು. ಪ್ರತಿ ಪಾತ್ರೆಯ ಅಂಟಿನಿಂದ ಮೊದಲು ಎರಡು ಮರದ ಚೂರು ಕೂಡಿಸಿ, ನಂಬರ್ ಬರೆದು ಹಲಗೆಯ ಮೇಲಿಡಬೇಕು. ವಾರ ಬಿಟ್ಟು ಮಿಸ್ಟರ್ ಟೂವಿ, ಅಂದರೆ ನಮ್ಮ ತನಿಖೆಯವರು, ಅದನ್ನು ಬಿಗಿಸಿ ಮುರಿಯುತ್ತಿದ್ದರು. ಮರ ಸಿಗಿದು ಬಂದರೆ ಅಂಟು ಗಟ್ಟಿ. ಅಂಟೇ ಬಿಟ್ಟುಕೊಂಡರೆ ಆ ಪಾತ್ರೆ ಮುಟ್ಟಿದ ರೆಕ್ಕೆಯೆಲ್ಲ ಸೌದೆಗೆ.

ನನ್ನ ಕೆಲಸ ರೆಕ್ಕೆಯ ತೊಲೆ. ರೆಕ್ಕೆಯೊಳಗೆ ಈ ತುದಿಯಿಂದ ಆ ತುದಿಗೆ ಹಾಯುವ ತೊಲೆ ಅದು, ಭಾರವೆಲ್ಲ ಅದರ ಮೇಲೆ. ಮೇಲೊಂದು ಕೆಳಗೊಂದು ಮರದ ಪಟ್ಟಿ, ಎರಡು ಬದಿಗೂ ತೆಳು ಪ್ಲೈವುಡ್, ನಡುವೆ ಪೊಳ್ಳು. ಆ ಪ್ಲೈವುಡ್ಡಿಗೆ ಅಂಟು ಸವರಿ, ಸಣ್ಣ ಮೊಳೆ ಹೊಡೆದು, ಬಿಗಿದು ಕಟ್ಟುವವಳು ನಾನು.

ಮೂವತ್ತನಾಲ್ಕರ ಜುಲೈ, ಒಂದು ಶನಿವಾರ. ತಗಡಿನ ಕೆಳಗೆ ಬೇಯುತ್ತಿದ್ದೆವು. ಶನಿವಾರ ಹನ್ನೆರಡೂವರೆಗೆ ಸೈರನ್, ಒಂದು ಗಂಟೆಗೆ ಸ್ಯಾಂಡ್‌ವಿಕ್ ಬಸ್ಸು. ಅಲ್ಲಿ ಸಮುದ್ರದ ಕಟ್ಟೆಯ ಮೇಲೆ ಸಂಜೆ ಡಾನ್ಸು, ರೆಜ್ ಕಾಯುತ್ತೇನೆ ಅಂದಿದ್ದ. ಆಮೇಲೆ ಅವನನ್ನೇ ಮದುವೆಯಾದೆ, ಅದು ಬೇರೆ ಕರ್ಮ. ಹನ್ನೊಂದನೇ ಡನಕ್‌ನ ಎಡ ರೆಕ್ಕೆಯ ತೊಲೆಯಲ್ಲಿ ನನಗೆ ಒಂದೂವರೆ ಮೊಳ ಬಾಕಿಯಿತ್ತು. ವಿಮಾನದ ಮೈಗೆ ಸೇರುವ ಕಡೆಯ ಒಂದೂವರೆ ಮೊಳ. ಹತ್ತು ಗಂಟೆಯಿಂದ ಮಿಸೆಸ್ ಹೆಂಬ್ರೋ ಹೊಸ ಚೀಲಗಳನ್ನು ಇಳಿಸಿಕೊಳ್ಳುವುದರಲ್ಲಿದ್ದಳು. ಕೈ ಬಿಡುವಾಗಿ ಆಕೆ ಪಾತ್ರೆ ಎತ್ತಿಕೊಂಡಾಗ ಹನ್ನೊಂದೂವರೆ ದಾಟಿತ್ತು. ಬೆಳಿಗ್ಗೆ ಏಳಕ್ಕೆ ಕಲಸಿದ ಅಂಟು ಗಂಜಿಯ ಹಾಗೆ ಗಟ್ಟಿಯಾಗಿತ್ತು.

"ಮಿಸೆಸ್ ಹೆಂಬ್ರೋ, ಚೆಲ್ಲಬೇಡಿ ಅದನ್ನ. ಇಷ್ಟೇ ಇಷ್ಟು ಬಾಕಿ ನಂದು."

"ಹೊತ್ತು ಮೀರಿದೆ ಕೂಸೇ. ಹೊಸದು ಕಲಸ್ತೀನಿ ತಾಳು."

"ನೀವು ಕಲಸಿ, ಅದು ನಿದ್ದೆ ಮಾಡಿ ಎದ್ದು, ನಾನು ಸವರಿ ಬಿಗಿಯೋ ಹೊತ್ತಿಗೆ ನನ್ನ ಬಸ್ಸು ಸ್ಯಾಂಡ್‌ವಿಕ್‌ನಲ್ಲಿ ಇರುತ್ತೆ."

"ಸೋಮವಾರ ಮಾಡು ಹಾಗಾದ್ರೆ."

"ಸೋಮವಾರ ರೆಕ್ಕೆ ಜೋಡಿಸೋರು ಬಂದು ನಿಲ್ತಾರೆ, ಟೂವಿ ನನ್ನ ತಲೆ ತಿಂತಾರೆ. ಅರ್ಧ ಪಾತ್ರೆ ಹಾಗೇ ಇದೆಯಲ್ಲ. ಎಷ್ಟು ಹಸುವಿನ ಹಾಲು ಅದು? ಹಳ್ಳಕ್ಕೆ ಸುರಿಯೋಕೆ ನಿಮಗೆ ಕೈಯಾದ್ರೂ ಹೇಗೆ ಬರುತ್ತೆ?"

ಬೇಕೆಂದೇ ಅಂದ ಮಾತು ಅದು. ಎಲ್ಲಿ ಮುಟ್ಟಿದರೆ ಆಕೆಗೆ ನೋಯುತ್ತದೆ ಅಂತ ನನಗೆ ಗೊತ್ತಿತ್ತು. ಆಕೆ ಪಾತ್ರೆ ಹಿಡಿದು ಹಿಂಬಾಗಿಲಲ್ಲೇ ನಿಂತಳು. ಹಳ್ಳ ನೋಡಿದಳು, ಪಾತ್ರೆ ನೋಡಿದಳು. ಆಮೇಲೆ ವಾಪಸ್ ಬಂದು ಎರಡು ಚಮಚ ನೀರು ಹಾಕಿ ತಿರುವಿದಳು. ಅಂಟು ಬೆಳಗಿನ ಹಾಗೇ ನುಣ್ಣಗಾಯಿತು. ಏಪ್ರನ್ನಿನ ತುದಿಯಿಂದ ಏಳನ್ನು ಒರೆಸಿ ಒಂಬತ್ತು ಅಂತ ಬರೆದಳು. ಬರೆಯುವಾಗ ನನ್ನ ಮುಖ ನೋಡಲಿಲ್ಲ.

"ಬೇಗ ಮುಗಿಸು," ಅಂದಳು.

ಮುಗಿಸಿದೆ. ಬಸ್ಸೂ ಸಿಕ್ಕಿತು. ಆ ಸಂಜೆ ನಾನು ಕಾಲು ನೋಯುವ ತನಕ ಕುಣಿದೆ.

ವಾರ ಬಿಟ್ಟು ಟೂವಿ ಆ ದಿನದ ಚೂರು ಮುರಿದರು. ಮರ ಸಿಗಿದು ಬಂತು. ಬರದೇ ಏನು, ಅದು ಏಳು ಗಂಟೆಯ ತಾಜಾ ಅಂಟಿನ ಚೂರು. ರೆಕ್ಕೆಗೆ ಮುದ್ರೆ ಬಿತ್ತು, ಮೇಲೆ ಹೊದಿಕೆಯ ಬಟ್ಟೆ ಬಿತ್ತು, ಹಳದಿ ಬಿತ್ತು.

ಆಗಸ್ಟಿನಲ್ಲಿ ಅದನ್ನು ಒಯ್ಯಲು ಸ್ಯಾಂಡ್‌ವಿಕ್ ಕ್ಲಬ್ಬಿನ ಡೆನಿಸ್ ಕೀಚ್ ಬಂದ. ಅಲ್ಲಿ ಹಾರುವುದು ಕಲಿಸುವವನು, ಇಪ್ಪತ್ತಾರರ ಆಸುಪಾಸು, ಮೂಗಿನ ಮೇಲೆಲ್ಲ ಬಿಸಿಲ ಚುಕ್ಕಿ. ಮಿಕ್ಕ ಹಾರಾಟಗಾರರು ಬ್ರಾಕ್ ಸಾಹೇಬರ ಕೈ ಕುಲುಕಿ ಹೊರಟುಬಿಡುತ್ತಿದ್ದರು. ಇವನು ಕೊಟ್ಟಿಗೆ ಸುತ್ತಿ ಒಬ್ಬೊಬ್ಬರನ್ನೂ ಮಾತಾಡಿಸಿದ. ಅಂಟಿನ ಕೋಣೆಯಲ್ಲಿ ಮಿಸೆಸ್ ಹೆಂಬ್ರೋ ಊಟದ ಡಬ್ಬಿಯ ಚೀಸ್ ಕೊಯ್ದು ಕೊಟ್ಟಳು. ನಿಂತೇ ತಿಂದ.

"ಇದನ್ನೂ ವಿಮಾನಕ್ಕೆ ಮೆತ್ತುತ್ತೀರಾ ಮಿಸೆಸ್ ಹೆಂಬ್ರೋ?"

"ವಿಮಾನಕ್ಕೆ ಇಷ್ಟು ಒಳ್ಳೇದು ಹಾಕಲ್ಲ ಸಾರ್."

"ಹಾಗಾದ್ರೆ ನಾನು ಬಿದ್ದರೆ ಚೀಸ್ ಉಳೀತು ಅನ್ನಿ," ಅಂದು ನಕ್ಕ. ಹೊಸದಾಗಿ ಮದುವೆಯಾಗಿದ್ದವನು, ಹೆಂಡತಿಗೆ ಅಂತ ಇನ್ನೊಂದು ತುಂಡು ಕಾಗದದಲ್ಲಿ ಸುತ್ತಿಕೊಂಡು ಹೋದ.

ಅಕ್ಟೋಬರಿನಲ್ಲಿ ನಮ್ಮ ಕಡೆ ಮಂಜು ಇಳಿದರೆ ಹಾಸಿಗೆಯೂ ಒದ್ದೆ, ಉಪ್ಪೂ ಒದ್ದೆ. ಎರಡನೇ ವಾರದ ಗುರುವಾರ, ಟೀ ಹೊತ್ತಿನಲ್ಲಿ ಮಿಸೆಸ್ ಹೆಂಬ್ರೋ ನನ್ನ ಮೇಜಿನ ಹತ್ತಿರ ಬಂದಳು. ಮುಖ ಬಿಳಿಚಿಕೊಂಡಿತ್ತು. ಅಂಗೈ ಬಿಚ್ಚಿದಳು. ಎರಡು ಮರದ ಚೂರು, ಬೇರೆ ಬೇರೆ. ಸಿಗಿದಿರಲಿಲ್ಲ, ಒಂದು ಎಳೆಯೂ ಕಿತ್ತು ಬಂದಿರಲಿಲ್ಲ. ನಡುವೆ ಒಣಗಿದ ಕೆನೆಯಂಥ ಪೊರೆ ಅಷ್ಟೇ.

"ಆ ಶನಿವಾರ ಕೊನೇಲಿ ನೀರು ಹಾಕಿದ್ನಲ್ಲ, ಅದರಲ್ಲೂ ಎರಡು ಚೂರು ಕೂಡಿಸಿ ಕಿಟಕೀಲಿಟ್ಟಿದ್ದೆ. ಮನಸ್ಸು ಕೇಳಲಿಲ್ಲ," ಅಂದಳು. "ಆಗಸ್ಟಲ್ಲಿ ಎಳೆದು ನೋಡಿದೆ, ಗಟ್ಟಿಯಾಗಿತ್ತು. ಇವತ್ತು ಎತ್ತಿಕೊಂಡೆ, ಈ ಮಂಜಿನ ತೇವಕ್ಕೆ ಕೈಯಲ್ಲೇ ಬಿಟ್ಟುಕೊಂಡು ಬಂತು ಕೂಸೇ. ಸದ್ದೇ ಮಾಡಲಿಲ್ಲ."

ಸ್ಯಾಂಡ್‌ವಿಕ್‌ನಲ್ಲಿ ಭಾನುವಾರ ಕ್ಲಬ್ಬಿನ ವರ್ಷದ ಕೊನೆಯ ಪ್ರದರ್ಶನ ಅಂತ ಊರೆಲ್ಲ ಕಾಗದ ಅಂಟಿಸಿದ್ದರು. ಹನ್ನೊಂದನೇ ಡನಕ್‌ನಲ್ಲಿ ಮಿಸ್ಟರ್ ಕೀಚ್ ಆಕಾಶದಲ್ಲಿ ಮೂರು ಲಾಗ ಹಾಕುತ್ತಾನೆ ಅಂತ ದಪ್ಪಕ್ಷರದಲ್ಲಿ ಬರೆದಿತ್ತು. ನೆಟ್ಟಗೆ ಹಾರುವಾಗ ರೆಕ್ಕೆಗೆ ಬೀಳುವ ಭಾರ ಬೇರೆ, ಲಾಗ ಹಾಕಿ ಮೇಲೇಳುವಾಗ ಬೀಳುವ ಭಾರ ಬೇರೆ. ಅದು ನಮ್ಮಲ್ಲಿ ಕಸ ಗುಡಿಸುವವನಿಗೂ ಗೊತ್ತಿತ್ತು.

ಅವತ್ತೇ ಆಕೆ ಬ್ರಾಕ್ ಸಾಹೇಬರ ಕೋಣೆಗೆ ಹೋದಳು. ಬಾಗಿಲು ಹಾಕಿತ್ತು, ಆದರೂ ತಗಡಿನ ಗೋಡೆಯಲ್ಲಿ ಯಾವ ಮಾತು ನಿಲ್ಲುತ್ತದೆ?

"ನಂಬರ್ ಇಲ್ಲದ ಚೂರು ಸೌದೆ ಮಿಸೆಸ್ ಹೆಂಬ್ರೋ. ನಂಬರ್ ಇದ್ದ ಚೂರನ್ನ ಟೂವಿ ಮುರಿದಿದ್ದಾರೆ, ಪಾಸಾಗಿದೆ, ಮುದ್ರೆ ಬಿದ್ದಿದೆ."

"ಅದು ಬೆಳಗಿನ ಅಂಟು ಸಾರ್. ರೆಕ್ಕೆಗೆ ಹೋಗಿದ್ದು ಬೆಳಗಿಂದಲ್ಲ. ನಾನೇ ನೀರು ಹಾಕಿದ್ದು, ನಾನೇ ಗಂಟೆ ತಿದ್ದಿದ್ದು."

"ನೀವಾ? ಮೊನ್ನೆ ಒಂದು ಚೀಲ ಮುಗ್ಗು ಅಂತ ಇಡೀ ಲಾರಿ ವಾಪಸ್ ಕಳಿಸಿದೋರು ನೀವು. ನೀವು ಗಂಟೆ ತಿದ್ದಿದ್ರಿ ಅಂದ್ರೆ ನಾನು ನಂಬಬೇಕಾ?"

ಆಕೆಯ ಒಳ್ಳೆಯ ಹೆಸರೇ ಆಕೆಗೆ ಅಡ್ಡ ಬಂತು ನೋಡಿ. ಹೋಗಲಿ, ಅವರು ನಂಬಲಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ಭಾನುವಾರದ ಪ್ರದರ್ಶನಕ್ಕೆ ಬೇರೆ ಮೂರು ಕ್ಲಬ್ಬಿನವರು ಡನಕ್ ನೋಡಲು ಬರುವವರಿದ್ದರು. ಚಳಿಗಾಲಕ್ಕೆ ಕೈಯಲ್ಲಿ ಒಂದೇ ಒಂದು ಆರ್ಡರ್ ಇರಲಿಲ್ಲ. ಅವರಿಗೆ ನಂಬಲು ಧೈರ್ಯವಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ನನ್ನನ್ನು ಒಳಗೆ ಕರೆಸಿದರು. ಮಿಸೆಸ್ ಹೆಂಬ್ರೋ ಗೋಡೆಗೆ ಒರಗಿ ನಿಂತಿದ್ದಳು.

"ಮೇವಿಸ್, ಆ ತೊಲೆ ಮೇಲೆ ಅವತ್ತು ಇದ್ದದ್ದು ನೀನು. ಪಾತ್ರೆ ಮೇಲೆ ಎಷ್ಟು ಗಂಟೆ ಅಂತ ಬರೆದಿತ್ತು?"

ನಾನು ಕೇಳಿದ್ದಕ್ಕೇ ಆಕೆ ನೀರು ಹಾಕಿದ್ದು ಅಂತ ಆಕೆ ಅವರಿಗೆ ಹೇಳಿರಲಿಲ್ಲ. ಅದು ಅವರ ಪ್ರಶ್ನೆಯಲ್ಲೇ ಗೊತ್ತಾಯಿತು. ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ಇಬ್ಬರು ಹೇಳಿದರೆ ಅವರು ಕ್ಲಬ್ಬಿಗೆ ಫೋನ್ ಮಾಡಲೇಬೇಕಾಗುತ್ತಿತ್ತು. ಆದರೆ ಅಪ್ಪನ ಬುಟ್ಟಿ ಹೆಣೆಯುವ ಕೆಲಸ ನಿಂತು ವರ್ಷವಾಗಿತ್ತು, ಮನೆಗೆ ಬರುತ್ತಿದ್ದದ್ದು ನನ್ನ ಸಂಬಳ ಒಂದೇ. ಇದನ್ನು ನೆಪವಾಗಿ ಹೇಳುತ್ತಿಲ್ಲ. ಹೆದರಿದೆ, ಅಷ್ಟೇ.

"ಒಂಬತ್ತು ಅಂತ ಇತ್ತು ಸಾರ್," ಅಂದೆ.

ಅಕ್ಷರಕ್ಕೆ ಅಕ್ಷರ ನಿಜ. ಅದಕ್ಕಿಂತ ಹೊಲಸು ಸುಳ್ಳನ್ನು ನಾನು ಜೀವಮಾನದಲ್ಲಿ ಆಡಿಲ್ಲ.

"ಸರಿ, ಹೋಗು," ಅಂದರು ಬ್ರಾಕ್. ಆಕೆಯ ಕಡೆ ತಿರುಗಿ ಮೆತ್ತಗೆ, "ಮನೆಗೆ ಹೋಗಿ ಎರಡು ದಿನ ಮಲಗಿಕೊಳ್ಳಿ ಮಿಸೆಸ್ ಹೆಂಬ್ರೋ. ನಿಮಗೆ ಆಯಾಸ ಆಗಿದೆ. ಪ್ರದರ್ಶನ ಮುಗೀಲಿ, ಸೋಮವಾರ ನಾನೇ ಹೋಗಿ ನೋಡ್ತೀನಿ," ಅಂದರು.

ಆಕೆ ಅಂಚೆ ಕಚೇರಿಗೆ ಹೋಗಿ ಕ್ಲಬ್ಬಿಗೆ ಫೋನ್ ಮಾಡಿದಳು. ಜನ್ಮದಲ್ಲಿ ಫೋನ್ ಮುಟ್ಟಿದವಳಲ್ಲ. ಅಂಚೆಯ ಮಿಸೆಸ್ ಗಲಿಫೋರ್ಡ್ ಆಮೇಲೆ ಊರೆಲ್ಲ ನಕ್ಕೊಂಡು ಹೇಳಿದ್ದು, ಆಕೆ ಫೋನಿನೊಳಕ್ಕೆ ಕೂಗಿದ ರಭಸಕ್ಕೆ ಹೊರಗೆ ಕುದುರೆ ಬೆಚ್ಚಿತಂತೆ. ಆ ಕಡೆ ಕ್ಲಬ್ಬಿನ ಕಾರ್ಯದರ್ಶಿ. ಕೀಚ್ ಇಲ್ಲ, ಹಾರಲು ಹೋಗಿದ್ದಾರೆ ಅಂದನಂತೆ. ಯಾವುದರಲ್ಲಿ ಅಂತ ಆಕೆ ಕೇಳಿದಳಂತೆ. ಹನ್ನೊಂದನೆಯದರಲ್ಲೇ, ಲಾಗದ ಅಭ್ಯಾಸಕ್ಕೆ ಅಂದನಂತೆ. ಆಕೆ ಫೋನ್ ಕೈಯಲ್ಲಿ ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟಳಂತೆ. ಅರ್ಧ ಗಂಟೆ ಬಿಟ್ಟು ಮತ್ತೆ ಮಾಡಿದಳು. ಇಳಿದಿದ್ದಾರೆ, ಟೀ ಕುಡೀತಿದ್ದಾರೆ, ನೀವು ಯಾರು ಅಂತ ಹೇಳಿದ್ರಿ, ಅಂಟಿನವರಾ ಅಂತ ನಕ್ಕು ಇಟ್ಟುಬಿಟ್ಟನಂತೆ.

ಶನಿವಾರ ಆಕೆ ನಮ್ಮ ಮನೆಗೆ ಬಂದಳು. ಅಡುಗೆಮನೆ ಬಾಗಿಲಲ್ಲಿ ನಿಂತಳು, ಒಳಗೆ ಬಾ ಅಂದರೂ ಬರಲಿಲ್ಲ.

"ನಾಳೆ ಹತ್ತಕ್ಕೆ ಬಸ್ಸಿದೆ. ನನ್ನ ಜೊತೆ ಬರ್ತೀಯಾ ಮೇವಿಸ್? ನೀನೇನೂ ಹೇಳಬೇಡ. ಪಕ್ಕದಲ್ಲಿ ನಿಂತ್ಕೋ ಸಾಕು. ಒಬ್ಬಳೇ ಮುದುಕಿ ಅಂದ್ರೆ ಹುಚ್ಚಿ ಅಂತಾರೆ, ಇಬ್ಬರಿದ್ರೆ ಒಂದು ನಿಮಿಷ ಕೇಳ್ತಾರೆ."

"ನಾಳೆ ಆಗಲ್ಲ," ಅಂದೆ. ಯಾಕೆ ಅಂತ ಆಕೆ ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ ಚಾಪೆಲಿನ ಗಂಟೆ ಹೊಡೆಯುತ್ತಿದ್ದಾಗ ಆಕೆ ಕಪ್ಪು ಹ್ಯಾಟ್ ಹಾಕಿಕೊಂಡು ಬಸ್ ಹತ್ತಿದ್ದನ್ನು ಕಿಟಕಿಯಿಂದ ನೋಡಿದೆ. ಚಾಪೆಲಿಗೆ ಹೋಗುತ್ತಿದ್ದವರೆಲ್ಲ ನಿಂತು ನೋಡಿದರು. ನಾನು ಆಲೂಗಡ್ಡೆ ಹೆರೆಯಲು ಕೂತೆ. ಎರಡು ಹೆರೆದೆ. ಮೂರನೆಯದನ್ನು ಅಲ್ಲೇ ಬಿಟ್ಟು ಅಪ್ಪನ ಸೈಕಲ್ ಎತ್ತಿಕೊಂಡು ಹೊರಟೆ. ಹದಿನಾಲ್ಕು ಮೈಲಿ, ಎದುರುಗಾಳಿ, ಹಿಂದಿನ ಚಕ್ರದಲ್ಲಿ ಗಾಳಿ ಕಮ್ಮಿ. ದಾರಿಯುದ್ದಕ್ಕೂ ಆಕಾಶ ನೋಡಿಕೊಂಡೇ ತುಳಿದೆ. ಹಳದಿ ಕಂಡರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಕಾಣಲಿಲ್ಲ. ಮೋಡ ಕೆಳಗೇ ಇತ್ತು, ಅದು ಹೀಗೇ ಇರಲಿ ದೇವರೇ, ಇವತ್ತು ಮಳೆ ಬರಲಿ ಅಂತ ಬಾಯಿಬಿಟ್ಟು ಬೇಡಿಕೊಂಡೆ. ಸ್ಯಾಂಡ್‌ವಿಕ್ ಮುಟ್ಟುವಷ್ಟರಲ್ಲಿ ಬಿಸಿಲು ಬಂತು.

ಮೈದಾನದಲ್ಲಿ ನಾಲ್ಕೈದು ಸಾವಿರ ಜನ. ಹಗ್ಗದ ಆಚೆ ವಿಮಾನಗಳು ಸಾಲಾಗಿ ನಿಂತಿದ್ದವು. ಕಾರ್ಯದರ್ಶಿಯ ಡೇರೆಯ ಮುಂದೆ ಮಿಸೆಸ್ ಹೆಂಬ್ರೋ ಕಂಡಳು. ಇಬ್ಬರು ಆಕೆಯ ತೋಳು ಹಿಡಿದು, ಮರ್ಯಾದೆಯಾಗಿಯೇ, ಹಗ್ಗದ ಹೊರಗೆ ತಂದು ಬಿಡುತ್ತಿದ್ದರು. ಬೆಳಿಗ್ಗೆಯಿಂದ ಅದು ನಾಲ್ಕನೇ ಸಲವಂತೆ. ಹ್ಯಾಟ್ ಓರೆಯಾಗಿತ್ತು. ಆಕೆಯ ಕೈಯಲ್ಲಿದ್ದ ಆ ಎರಡು ಚೂರನ್ನು ಯಾರೂ ನೋಡಲಿಲ್ಲ.

"ಬ್ರಾಕ್ ಹೇಳಿದ್ರಲ್ಲ, ಆ ಹೆಂಗಸು ಇದೇ," ಅಂತ ಒಬ್ಬ ಇನ್ನೊಬ್ಬನಿಗೆ ಹೇಳಿದ್ದು ಕೇಳಿಸಿತು. ಅಂದರೆ ಸಾಹೇಬರು ಫೋನ್ ಮಾಡಿದ್ದರು, ವಿಮಾನ ನಿಲ್ಲಿಸಲು ಅಲ್ಲ, ಆಕೆಯನ್ನು ತಡೆಯಲು.

ಅಷ್ಟರಲ್ಲಿ ಹನ್ನೊಂದನೇ ಡನಕ್‌ನ ಎಂಜಿನ್ ಶುರುವಾಯಿತು. ಕೀಚ್ ಒಳಗೆ ಕೂತು ಪಟ್ಟಿ ಬಿಗಿದುಕೊಳ್ಳುತ್ತಿದ್ದ. ಚಕ್ರದ ಅಡ್ಡಗಟ್ಟೆ ಎಳೆಯಲು ಒಬ್ಬ ಬಗ್ಗಿದ್ದ. ಅದನ್ನು ಎಳೆದರೆ ಮುಗಿಯಿತು. ನಾನು ಸೈಕಲ್ ಹಿಡಿದುಕೊಂಡು ನಿಂತಿದ್ದೆ. ಕೂಗಬೇಕಿತ್ತು, ಕೂಗಲಿಲ್ಲ.

ಮಿಸೆಸ್ ಹೆಂಬ್ರೋ ಹಗ್ಗದ ಕೆಳಗೆ ನುಸುಳಿದಳು. ಐವತ್ತು ದಾಟಿದ ಹೆಂಗಸು ಅಷ್ಟು ಜೋರಾಗಿ ಓಡಿದ್ದನ್ನು ನಾನು ಮತ್ತೆ ಕಂಡಿಲ್ಲ. ಹ್ಯಾಟ್ ಹಾರಿಹೋಯಿತು. ಹಿಂದಿನಿಂದ ಹೋಗಿ ಎಡ ರೆಕ್ಕೆಯ ಬುಡ ತಬ್ಬಿಕೊಂಡಳು. ಜೇಬಿನಿಂದ ಚೀಸ್ ಕೊಳವೆ ತೆಗೆದು, ರೆಕ್ಕೆಯ ಹಳದಿ ಬಟ್ಟೆಗೆ ಹಿಡಿಯ ತನಕ ಚುಚ್ಚಿ ಪರ್ ಎಂದು ಎಳೆದಳು. ಜನ ಹೋ ಅಂದರು. ಆ ಹರಕಿನಲ್ಲಿ ಕೈ ತೂರಿಸಿ ತೊಲೆಯ ಬದಿಗೆ ಕೊಳವೆ ಸಿಕ್ಕಿಸಿ ಮೀಟಿದಳು. ಇಬ್ಬರು ಓಡಿ ಬಂದು ಸೊಂಟ ಹಿಡಿದು ಎಳೆದರು. ಆಕೆ ಬಿಡಲಿಲ್ಲ. ಕೀಚ್ ಎಂಜಿನ್ ನಿಲ್ಲಿಸಿ ರೆಕ್ಕೆಯ ಮೇಲೆ ಹಾರಿ ಇಳಿದ, ಮುಖ ಕೆಂಡ.

"ನಿಮಗೆ ತಲೆ ನೆಟ್ಟಗಿದೆಯೇನ್ರೀ?"

"ಕೈ ಹಾಕಿ ನೋಡಪ್ಪ," ಅಂದಳು ಆಕೆ. ಎಂಜಿನ್ ನಿಂತಿದ್ದರಿಂದ ಹಗ್ಗದ ಈಚೆಗೂ ಕೇಳಿಸಿತು. "ನನ್ನನ್ನ ಜೈಲಿಗೆ ಹಾಕು, ಏನಾದ್ರೂ ಮಾಡು. ಒಂದು ಸಲ ಕೈ ಹಾಕಿ ನೋಡು."

ಯಾಕೆ ನೋಡಿದನೋ. ಚೀಸ್ ಕೊಟ್ಟವಳು ಅಂತ ಗುರುತು ಹತ್ತಿತೋ ಏನೋ. ಹರಕಿನಲ್ಲಿ ಎರಡು ಬೆರಳು ತೂರಿಸಿದ. ತೂರಿಸಿ ಹಾಗೇ ನಿಂತ. ಅವನ ಬೆರಳು ಒಳಗೆ ಆಚೀಚೆ ಆಡುತ್ತಿದ್ದದ್ದು ಅವನ ಭುಜದಲ್ಲಿ ಕಾಣುತ್ತಿತ್ತು. ಪ್ಲೈವುಡ್ಡು ತೊಲೆ ಬಿಟ್ಟು, ಸಣ್ಣ ಮೊಳೆಗಳ ಮೇಲಷ್ಟೇ ನೇತಾಡುತ್ತಿತ್ತು. ಅವನ ಮುಖದ ಕೆಂಪು ಇಳಿಯಿತು. ನಿನ್ನೆ, ಮೊನ್ನೆ ಎಷ್ಟು ಲಾಗ ಹಾಕಿದ್ದೆ ಅಂತ ಅವನು ಲೆಕ್ಕ ಹಾಕುತ್ತಿರಬೇಕು. ಎಳೆಯುತ್ತಿದ್ದವರಿಗೆ, "ಬಿಡಿ ಅವರನ್ನ," ಅಂದ.

ಆಮೇಲೆ ಕೇಳಿದ, "ಇದನ್ನ ಅಂಟಿಸಿದ್ದು ಯಾರು?"

"ನಾನು ಕಲಸಿದ್ದು. ನನ್ನ ಪಾತ್ರೆ."

"ಅಂಟಿಸಿದ್ದು ಯಾರು ಅಂದೆ."

ಆಗ ಆಕೆ ನನ್ನನ್ನು ನೋಡಿದಳು. ಹಗ್ಗದ ಹತ್ತಿರ ನಾನು ನಿಂತಿದ್ದೆ, ನಡುವೆ ಇಪ್ಪತ್ತು ಹೆಜ್ಜೆ. ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದಳು.

"ನನ್ನ ಪಾತ್ರೆ ಅಂದ್ನಲ್ಲಪ್ಪ," ಅಂದಳು.

ನಾನು ಸೈಕಲ್ ತಿರುಗಿಸಿಕೊಂಡು ಬಂದೆ. ಹದಿನಾಲ್ಕು ಮೈಲಿ.

ಬೆಳಗಾಗುವುದರೊಳಗೆ ಎಲ್ಲ ಮುಚ್ಚಿಹೋಯಿತು. ತಲೆಕೆಟ್ಟ ಹೆಂಗಸೊಬ್ಬಳು ರೆಕ್ಕೆ ಹರಿದಳು, ಆದ್ದರಿಂದ ಲಾಗ ರದ್ದು ಅಂತ ಕ್ಲಬ್ಬಿನವರು ಜನರಿಗೆ ಹೇಳಿದರು. ಹೆಸರು ಕೆಡುವುದು ಅವರಿಗೂ ಬೇಕಿರಲಿಲ್ಲ. ಬ್ರಾಕ್ ಸಾಹೇಬರು ಟಾರ್ಪಾಲು ಮುಚ್ಚಿದ ಲಾರಿಯಲ್ಲಿ ರೆಕ್ಕೆ ತರಿಸಿ, ಕಾಸಿಲ್ಲದೆ ಹೊಸ ರೆಕ್ಕೆ ಹಾಕಿಕೊಟ್ಟರು. ಹಳೆಯದನ್ನು ಅವರೇ ನಿಂತು ಸುಟ್ಟರು. ಮಿಸೆಸ್ ಹೆಂಬ್ರೋಗೆ ಕೆಲಸ ಹೋಯಿತು. ಅಂಟಿನ ಕೋಣೆ ನನಗೆ ಬಂತು. ಹೌದು, ನನಗೆ. ನಾನು ಬೇಡ ಅನ್ನಲಿಲ್ಲ.

ಸೋಮವಾರ ಆಕೆ ಏಪ್ರನ್ ಒಪ್ಪಿಸಲು ಬಂದಳು. ಕೋಣೆಯಲ್ಲಿ ಇಬ್ಬರೇ ಇದ್ದೆವು.

"ಯಾಕೆ ಹೇಳಲಿಲ್ಲ ನೀವು?" ಅಂದೆ. "ನಾನು ಕೇಳಿದ್ದಕ್ಕೆ ತಾನೇ ನೀವು ಕೊಟ್ಟಿದ್ದು."

"ಕೇಳೋರು ಕೇಳ್ತಾರೆ ಕೂಸೇ. ಇಲ್ಲ ಅನ್ನೋಕೆ ನನಗೆ ಸಂಬಳ ಕೊಡ್ತಿದ್ರು."

ಹಲಗೆಯ ಮೇಲಿನ ಗಂಟೆ ಗಡಿಯಾರ ಇಳಿಸಿ ನನ್ನ ಮುಂದಿಟ್ಟಳು. ಅದು ಕಾರ್ಖಾನೆಯದಲ್ಲ, ಆಕೆಯ ಸ್ವಂತದ್ದು.

"ದಿನಕ್ಕೆ ಮೂರು ನಿಮಿಷ ಹಿಂದೆ ಬೀಳುತ್ತೆ. ಬೆಳಿಗ್ಗೆ ಸರಿ ಮಾಡ್ಕೋಬೇಕು, ಮರೀಬೇಡ," ಅಂದಳು. ಅಷ್ಟು ಹೇಳಿ ಹೋದಳು. ನಾಲ್ಕನೇ ದಿನ ಊರು ಬಿಟ್ಟು, ಬ್ರಿಜ್‌ವಾಟರ್ ಕಡೆ ಅಕ್ಕನ ಮನೆ ಸೇರಿದಳು ಅಂತ ಕೇಳಿದೆ. ಅಲ್ಲಿ ಯಾರದೋ ಮನೆಯಲ್ಲಿ ನೆಲ ಒರೆಸುತ್ತಿದ್ದಳಂತೆ.

ಡಿಸೆಂಬರಿನಲ್ಲಿ ಕಾರ್ಖಾನೆಗೆ ಒಂದು ಕಾಗದ ಬಂತು. 'ಮಿಸೆಸ್ ಹೆಂಬ್ರೋ, ಅಂಟಿನ ಕೋಣೆ' ಅಂತ ವಿಳಾಸ. ಅಂಟಿನ ಕೋಣೆಯಲ್ಲಿದ್ದವಳು ನಾನು, ಒಡೆದೆ. ಕೀಚ್ ಬರೆದಿದ್ದ. ಬಾಯಿ ಬಿಡಬಾರದು ಅಂತ ಕ್ಲಬ್ಬಿನವರು ಕಟ್ಟುಮಾಡಿದ್ದರಿಂದ ಇಷ್ಟು ದಿನ ಬರೆಯಲಿಲ್ಲ, ಕ್ಷಮಿಸಿ. ವಸಂತದಲ್ಲಿ ನಮಗೆ ಮಗು ಆಗುವುದಿದೆ. ಹೆಣ್ಣಾದರೆ ನಿಮ್ಮ ಹೆಸರಿಡಬೇಕು ಅಂತ ನನ್ನ ಹೆಂಡತಿಯ ಆಸೆ. ನಿಮ್ಮನ್ನು ಎಲ್ಲರೂ ಮಿಸೆಸ್ ಹೆಂಬ್ರೋ ಅಂತಲೇ ಕರೆಯುತ್ತಾರೆ, ನಿಮ್ಮ ಸ್ವಂತ ಹೆಸರೇನು? ದಯವಿಟ್ಟು ತಿಳಿಸಿ.

ಬ್ರಿಜ್‌ವಾಟರ್‌ಗೆ ಬಸ್ಸಿನಲ್ಲಿ ಒಂದೂವರೆ ಗಂಟೆ. ಆ ಕಾಗದವನ್ನು ಏಪ್ರನ್ ಜೇಬಿನಲ್ಲಿಟ್ಟುಕೊಂಡೆ. ಈ ಭಾನುವಾರ ಹೋಗುತ್ತೇನೆ ಅಂದುಕೊಂಡೆ, ಕ್ರಿಸ್‌ಮಸ್ ಕಳೆಯಲಿ ಅಂದುಕೊಂಡೆ, ಚಳಿ ಮುರಿಯಲಿ ಅಂದುಕೊಂಡೆ. ಆಕೆಯ ಬಾಗಿಲು ತಟ್ಟಿ ಆಕೆಯ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ. ಫೆಬ್ರವರಿಯಲ್ಲಿ ಚಾಪೆಲಿನಲ್ಲಿ ಪಾದ್ರಿಗಳು ಆಕೆಯ ಹೆಸರು ಹೇಳಿ ಪ್ರಾರ್ಥನೆ ಮಾಡಿದರು. ಎದೆಗೆ ಶೀತವಾಗಿ ನಾಲ್ಕೇ ದಿನದಲ್ಲಿ ಹೋದಳಂತೆ. ಚಾಪೆಲಿನ ರೂಢಿಯಂತೆ ಅವರೂ ಸಿಸ್ಟರ್ ಹೆಂಬ್ರೋ ಅಂತಲೇ ಅಂದರು, ಸ್ವಂತ ಹೆಸರು ಹೇಳಲಿಲ್ಲ. ಒಬ್ಬ ಮನುಷ್ಯ ತನ್ನಿಂದ ಬದುಕಿದ್ದಾನೆ ಅಂತ ಆಕೆಗೆ ಗೊತ್ತಿತ್ತು. ಅವನು ಅದನ್ನು ಮರೆತಿಲ್ಲ ಅಂತ ಗೊತ್ತಾಗಲಿಲ್ಲ. ಗೊತ್ತಾಗಬೇಕಾದದ್ದು ನನ್ನ ಜೇಬಿನಲ್ಲಿತ್ತು.

ಮಾರನೇ ಬೆಳಿಗ್ಗೆ ಗಡಿಯಾರಕ್ಕೆ ಮೂರು ನಿಮಿಷ ಕೂಡಿಸಲು ಅದನ್ನು ತಿರುಗಿಸಿದೆ. ಅದರ ಬೆನ್ನಿನ ಮೇಲೆ ಮೊಳೆಯಿಂದ ಗೀಚಿದ ಅಕ್ಷರಗಳಿದ್ದವು, ಡೇರಿಗೆ ಸೇರಿದ ಹೊಸತರಲ್ಲಿ ಹುಡುಗಿಯೊಬ್ಬಳು ತನ್ನದೆಂದು ಗುರುತು ಮಾಡಿಕೊಂಡ ಹಾಗೆ. ನಾಲ್ಕು ತಿಂಗಳಿಂದ ದಿನಾ ನನ್ನ ಬೆರಳು ಅದರ ಮೇಲೆ ಆಡಿದ್ದರೂ ಓದಿರಲಿಲ್ಲ. ಒಂದು ಕಾರ್ಡ್ ತೆಗೆದುಕೊಂಡು ಕೀಚ್ ವಿಳಾಸ ಬರೆದೆ. ನಾನು ಯಾರು, ಆಕೆ ಏನಾದಳು, ಆ ಅಂಟು ಸವರಿದ್ದು ಯಾರ ಕೈ, ಎಲ್ಲ ಬರೆಯಬೇಕು ಅಂತ ಕೂತವಳು ಅದೊಂದನ್ನೂ ಬರೆಯಲಿಲ್ಲ. ಗಡಿಯಾರದ ಬೆನ್ನಿನ ಮೇಲಿದ್ದ ಒಂದೇ ಪದ ನೋಡಿಕೊಂಡು ಬರೆದೆ. ಥರ್ಜಾ.

ಏಪ್ರಿಲಿನಲ್ಲಿ ಕೀಚ್ ಕಡೆಯಿಂದ ಲಕೋಟೆ ಬಂತು, ಮತ್ತೆ ಅದೇ ವಿಳಾಸ, ಮಿಸೆಸ್ ಹೆಂಬ್ರೋ, ಅಂಟಿನ ಕೋಣೆ. ಆಗ ಹನ್ನೊಂದು ಗಂಟೆ ಹೊಡೆಯಿತು. ನಾನು ಪಾತ್ರೆ ಎತ್ತಿಕೊಂಡು ಹೋಗಿ ಹಳ್ಳಕ್ಕೆ ಚೆಲ್ಲಿ ಬಂದು, ಆಮೇಲೆ ಲಕೋಟೆ ಒಡೆದೆ. ನಾಮಕರಣದ ಅಚ್ಚಾದ ಕಾರ್ಡ್, ಮಗುವಿನ ಹೆಸರು ಥರ್ಜಾ.